ಮೌಸ್ ತೊಡೆಮೂಳೆಯ ಬೆಂಡಿಂಗ್ ಪರೀಕ್ಷೆ: ತ್ರೀ-ಪಾಯಿಂಟೋ, ಫೋರ್-ಪಾಯಿಂಟೋ?

ಮೂಳೆಯನ್ನು ಎರಡು ಆಸರೆಗಳ ಮೇಲಿಟ್ಟು, ಮುರಿಯುವವರೆಗೆ ಮೇಲಿನಿಂದ ಒತ್ತಿ ಬಾಗಿಸುವ ಪರೀಕ್ಷೆ ಇದು. ನಡುವೆ ಒಂದೇ ರೋಲರ್‌ನಿಂದ ಒತ್ತಿದರೆ ತ್ರೀ-ಪಾಯಿಂಟ್, ಎರಡರಿಂದ ಒತ್ತಿದರೆ ಫೋರ್-ಪಾಯಿಂಟ್. ಕಾಗದದ ಮೇಲೆ ಗೆಲ್ಲುವುದು ಫೋರ್-ಪಾಯಿಂಟ್. ಒಳಗಿನ ಎರಡು ರೋಲರ್‌ಗಳ ನಡುವೆ ಬಾಗಿಸುವ ಮೊಮೆಂಟ್ (ತಿರುಗುಬಲ) ಒಂದೇ ಸಮ, ಶಿಯರ್ (ಅಡ್ಡಕ್ಕೆ ಕತ್ತರಿಸುವ ಬಲ) ಸೊನ್ನೆ. ಮೂಳೆ ತನ್ನ ದುರ್ಬಲ ಜಾಗದಲ್ಲಿ ತಾನಾಗಿಯೇ ಮುರಿಯುತ್ತದೆ. ತ್ರೀ-ಪಾಯಿಂಟ್‌ನಲ್ಲಿ ಗರಿಷ್ಠ ಮೊಮೆಂಟ್ ನಡುವಿನ ರೋಲರ್ ಅಡಿಯಲ್ಲಿ ಮಾತ್ರ, ಶಿಯರ್ ಉದ್ದಕ್ಕೂ ಇರುತ್ತದೆ. ಆದರೂ ಮೌಸ್‌ನ ಇಡೀ ತೊಡೆಮೂಳೆಗೆ ಎರಡನ್ನೂ ಹಚ್ಚಿ ನೋಡಿದ ಮೇಲೆ ನಮ್ಮ ಮತ ತ್ರೀ-ಪಾಯಿಂಟ್‌ಗೆ.

ಕಾರಣ ಮೂಳೆಯ ಆಕಾರ. ಬೆಳೆದ ಮೌಸ್‌ನ ತೊಡೆಮೂಳೆ ಸುಮಾರು 15–16 ಮಿ.ಮೀ. ಉದ್ದ. ಮೇಲ್ತುದಿಯ ಕಡೆ ಮೂರನೇ ಟ್ರೊಕಾಂಟರ್ (ಸ್ನಾಯು ಅಂಟುವ ಜಾಗ) ಎಂಬ ಉಬ್ಬು, ಕೆಳಗೆ ಮಂಡಿಯ ಕಡೆ ಅಗಲವಾಗುವ ಭಾಗ; ಇವೆರಡರ ನಡುವೆ ಸಿಗುವ ಸ್ಪ್ಯಾನ್ (ಹೊರಗಿನ ಎರಡು ಆಸರೆಗಳ ನಡುವಿನ ಅಂತರ) 8 ಮಿ.ಮೀ. ಅಷ್ಟರಲ್ಲಿ ನಾಲ್ಕು ರೋಲರ್‌ಗಳೂ ಒಟ್ಟಿಗೆ ತಾಗಬೇಕು. ಮೂಳೆಗೆ ಬಾಗು ಇದೆ, ದಪ್ಪವೂ ಒಂದೇ ಸಮ ಇಲ್ಲ, ಹಾಗಾಗಿ ಒಳಗಿನ ಒಂದು ರೋಲರ್ ಮೊದಲು ತಾಗುತ್ತದೆ. ಬಲ ಮತ್ತು ಬಾಗಿನ ಗ್ರಾಫ್‌ನ ಆರಂಭದಲ್ಲೇ ಎರಡು ಇಳಿಜಾರು ಕಂಡರೆ ಆಗಿರುವುದು ಇದೇ: ಹೆಸರಿಗೆ ಫೋರ್-ಪಾಯಿಂಟ್, ನಡೆದದ್ದು ಓರೆಯಾದ ತ್ರೀ-ಪಾಯಿಂಟ್. ಎರಡೂ ಒಳರೋಲರ್‌ಗಳು ಹೊಂದಿಕೊಳ್ಳುವಂತೆ ತಿರುಗುವ ಮೇಲ್ತಲೆ ಹಾಕಿದರೆ ರ್ಯಾಟ್ ಮೂಳೆಗೆ ಸಾಕಷ್ಟು ಸರಿಹೋಗುತ್ತದೆ. ಮೌಸ್ ಮೂಳೆಯನ್ನು ಅದೇ ತಲೆ ಉರುಳಿಸಿಬಿಡುತ್ತದೆ.

ಇನ್ನೊಂದು ತೊಡಕು ಲೋಡ್, ಅಂದರೆ ಒತ್ತುವ ಬಲ. ಒಳರೋಲರ್‌ಗಳನ್ನು ಎರಡೂ ತುದಿಯಿಂದ ಸ್ಪ್ಯಾನ್‌ನ ಕಾಲುಭಾಗದಲ್ಲಿಟ್ಟರೆ ಅದೇ ಮೊಮೆಂಟ್‌ಗೆ ಒಟ್ಟು ಲೋಡ್ ಎರಡು ಪಟ್ಟು ಬೇಕು. ತ್ರೀ-ಪಾಯಿಂಟ್‌ನಲ್ಲಿ 20 ನ್ಯೂಟನ್‌ಗೆ ಮುರಿಯುವ ಮೂಳೆಗೆ ಇಲ್ಲಿ 40. ಹೊರಗಿನ ಪ್ರತಿ ಆಸರೆಯ ಮೇಲೆ 10ರ ಬದಲು 20. ಆಸರೆಯ ಜಾಗದಲ್ಲಿ ಗೋಡೆ ತೆಳುವಾಗಿದ್ದರೆ ಮೂಳೆ ಮುರಿಯುವ ಮೊದಲೇ ನುಗ್ಗಾಗುತ್ತದೆ.

ತ್ರೀ-ಪಾಯಿಂಟ್ ನಡೆಸುವ ಕ್ರಮ ಸರಳ. ಮೂಳೆಯನ್ನು ಸಲೈನ್‌ನಲ್ಲಿ ನೆನೆಸಿದ ಗಾಜ್ ಬಟ್ಟೆ ಸುತ್ತಿ −20 ಡಿಗ್ರಿಯಲ್ಲಿಡಿ, ಫಾರ್ಮಲಿನ್‌ನಲ್ಲಿ ಬೇಡವೇ ಬೇಡ. ಕೋಣೆಯ ಉಷ್ಣತೆಗೆ ಬಂದ ಮೇಲೆ ಮುಂಭಾಗ ಯಾವ ಕಡೆ ಎಂದು ನಿಶ್ಚಯಿಸಿ, ಎಲ್ಲ ಮಾದರಿಗಳನ್ನೂ ಹಾಗೆಯೇ ಇಡಿ. 0.5 ನ್ಯೂಟನ್ ಪ್ರಿಲೋಡ್ (ಆರಂಭದ ಹಗುರ ಒತ್ತು), ನಂತರ ಸೆಕೆಂಡಿಗೆ 0.05 ಮಿ.ಮೀ. ವೇಗ, 50 ಹರ್ಟ್ಸ್ (ಸೆಕೆಂಡಿಗೆ 50 ಬಾರಿ) ದಾಖಲೆ, 100 ನ್ಯೂಟನ್ ಅಥವಾ ಅದಕ್ಕಿಂತ ಚಿಕ್ಕ ಲೋಡ್ ಸೆಲ್ (ಬಲ ಅಳೆಯುವ ಸಾಧನ). ಮೂಳೆ ಕೊನೆಯವರೆಗೂ ಒದ್ದೆಯಾಗಿರಲಿ. ಒಣಗಿದರೆ ಸ್ಟಿಫ್‌ನೆಸ್ (ಬಾಗಲು ಒಡ್ಡುವ ಪ್ರತಿರೋಧ) ಏರುತ್ತದೆ, ಯೀಲ್ಡ್ (ಬಾಗಿದ್ದು ಪೂರ್ತಿ ಹಿಂದಿರುಗದ ಹಂತ) ನಂತರದ ಬಾಗು ಕುಗ್ಗುತ್ತದೆ. ಔಷಧಿಯ ಪರಿಣಾಮವೆಂದು ತಪ್ಪಾಗಿ ಬರೆದುಕೊಳ್ಳಲು ಅಷ್ಟು ಸಾಕು.

ಸ್ಪ್ಯಾನ್ ಬರೆಯದ ಫಲಿತಾಂಶಕ್ಕೆ ಬೆಲೆಯೇ ಇಲ್ಲ. 8 ಮಿ.ಮೀ. ಸ್ಪ್ಯಾನ್‌ನಲ್ಲಿ 20 ನ್ಯೂಟನ್‌ಗೆ ಮುರಿಯುವ ಮೂಳೆ ಸ್ಪ್ಯಾನ್ 10 ಮಿ.ಮೀ. ಆದರೆ 16ಕ್ಕೆ ಮುರಿಯುತ್ತದೆ. ಸ್ಟಿಫ್‌ನೆಸ್ ಸ್ಪ್ಯಾನ್‌ನ ಘನಕ್ಕೆ ವಿಲೋಮವಾದ್ದರಿಂದ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಮೂಳೆ ಅದೇ!

ತ್ರೀ-ಪಾಯಿಂಟ್‌ನ ನಿಜವಾದ ದೋಷ ಮಾಡ್ಯುಲಸ್‌ನಲ್ಲಿದೆ, ಅಂದರೆ ಆಕಾರ ಬಿಟ್ಟು ಮೂಳೆಯ ವಸ್ತುವಿನದೇ ಬಿಗುವಿನ ಲೆಕ್ಕದಲ್ಲಿ. ಶಿಯರ್ ಕಡೆಗಣಿಸಬೇಕಾದರೆ ಸ್ಪ್ಯಾನ್ ದಪ್ಪದ 16 ಪಟ್ಟಾದರೂ ಇರಬೇಕು. ಇಲ್ಲಿ ಸಿಗುವುದು 5–6 ಪಟ್ಟು. ಅದರ ಮೇಲೆ ರೋಲರ್ ಅಡಿಯ ತಗ್ಗು, ಕೊಳವೆಯಂಥ ಮೂಳೆ ಚಪ್ಪಟೆಯಾಗುವುದು, ಯಂತ್ರದ್ದೇ ಬಾಗು. ಎಲ್ಲ ಸೇರಿ ಮಾಡ್ಯುಲಸ್ ಇರಬೇಕಾದ್ದಕ್ಕಿಂತ ಬಹಳ ಕಡಿಮೆ ಬರುತ್ತದೆ. ಯಂತ್ರದ ಪಾಲನ್ನು ಅದೇ ಸ್ಪ್ಯಾನ್‌ನಲ್ಲಿ ದಪ್ಪ ಉಕ್ಕಿನ ಸರಳನ್ನಿಟ್ಟು ಅಳೆದು ಕಳೆಯಬಹುದು, ಉಳಿದದ್ದನ್ನು ಕಳೆಯಲಾಗದು. ಆದ್ದರಿಂದ ಮಾಡ್ಯುಲಸ್ ಅನ್ನು ಗುಂಪುಗಳ ಹೋಲಿಕೆಗಷ್ಟೇ ಬಳಸಿ. ಅದಕ್ಕೂ ಮೈಕ್ರೋಸಿಟಿಯಿಂದ (ಸೂಕ್ಷ್ಮ ಸಿಟಿ ಸ್ಕ್ಯಾನ್), ಮೂಳೆ ಯಾವ ಅಕ್ಷದ ಸುತ್ತ ಬಾಗಿತೋ ಅದಕ್ಕೇ ಸಂಬಂಧಿಸಿದ ಜಡತ್ವದ ಮೊಮೆಂಟ್ (ಅಡ್ಡಕೊಯ್ತದ ಆಕಾರ ಬಾಗನ್ನು ಎಷ್ಟು ತಡೆಯುತ್ತದೆ ಎಂಬ ಅಳತೆ) ಬೇಕು.

ದನದ ಅಥವಾ ಮನುಷ್ಯರ ಕಾರ್ಟಿಕಲ್ (ಗಟ್ಟಿ ಹೊರಪದರದ) ಮೂಳೆಯಿಂದ ಕೊರೆದ ತೊಲೆಗಳಿಗೆ ಮಾತ್ರ ನಿಸ್ಸಂಶಯವಾಗಿ ಫೋರ್-ಪಾಯಿಂಟ್. ನೀರು ಹರಿಸುತ್ತಾ ನಿಧಾನಗತಿಯ ವಜ್ರದ ಗರಗಸದಲ್ಲಿ 2 ಮಿ.ಮೀ. ದಪ್ಪಕ್ಕೆ ಕೊಯ್ದರೆ 32 ಮಿ.ಮೀ. ಹೊರಸ್ಪ್ಯಾನ್ ಸಿಗುತ್ತದೆ, ಮುಖಗಳು ಸಮಾಂತರವಾಗಿರುವುದರಿಂದ ನಾಲ್ಕೂ ರೋಲರ್ ಕೂರುತ್ತವೆ. ಇಲ್ಲಿ ಮೋಸಹೋಗುವ ಜಾಗ ಮಾಡ್ಯುಲಸ್‌ನ ಸೂತ್ರ: ಯಂತ್ರದ ಕ್ರಾಸ್‌ಹೆಡ್ (ಚಲಿಸಿ ಒತ್ತುವ ಭಾಗ) ಹೇಳುವುದು ಒಳರೋಲರ್‌ನ ಕೆಳಗಿನ ಬಾಗು, ತೊಲೆಯ ನಟ್ಟನಡುವಿನದಲ್ಲ. ನಡುವೆ ಡಿಫ್ಲೆಕ್ಟೋಮೀಟರ್ (ಬಾಗು ಅಳೆಯುವ ಸಾಧನ) ಇಟ್ಟಿದ್ದರೆ ಸೂತ್ರವೇ ಬೇರೆ.