ಹಿಮದೆದುರು ಸೋಲುವ ಬಂದೂಕು: ‘ಡೇ ಆಫ್ ದಿ ಔಟ್‌ಲಾ’ (1959)

ವೆಸ್ಟರ್ನ್ ಚಿತ್ರ, ಅಂದರೆ ಅಮೆರಿಕದ ಪಶ್ಚಿಮ ಸೀಮೆಯ ಕೌಬಾಯ್ ಕಥೆ ಎಂದೊಡನೆ ನೆನಪಾಗುವುದು ಕೆಂಪು ಮಣ್ಣು ಮತ್ತು ಉರಿಬಿಸಿಲು. ಆಂಡ್ರೆ ಡಿ ಟಾಥ್ ನಿರ್ದೇಶಿಸಿದ, 92 ನಿಮಿಷಗಳ ಈ ಕಪ್ಪು-ಬಿಳುಪು ಚಿತ್ರದಲ್ಲಿ ಎರಡೂ ಇಲ್ಲ. ವಯೋಮಿಂಗ್‌ನ ಬಿಟರ್ಸ್ ಎಂಬ ಪುಟ್ಟ ಊರು ಹಿಮದಲ್ಲಿ ಹೂತುಹೋಗಿದೆ. ಚಿತ್ರೀಕರಣ ನಡೆದದ್ದು ಒರೆಗಾನ್‌ನ ನಿಜವಾದ ಹಿಮದಲ್ಲಿ. ಪ್ರಸಿದ್ಧ ವೆಸ್ಟರ್ನ್‌ಗಳ ಪಟ್ಟಿಗಳಲ್ಲಿ ಅಪರೂಪಕ್ಕೆ ಕಾಣುವ ಈ ಚಿತ್ರವನ್ನು ನಾನು ಮೂರು ಬಾರಿ ನೋಡಿದ್ದೇನೆ, ಪ್ರತಿ ಬಾರಿಯೂ ಅದರ ಮೇಲಿನ ಗೌರವ ಹೆಚ್ಚಿದೆ.

ದನಗಾಹಿ ಒಡೆಯ ಸ್ಟಾರೆಟ್‌ಗೂ (ರಾಬರ್ಟ್ ರಯಾನ್) ರೈತ ಕ್ರೇನ್‌ಗೂ ಮುಳ್ಳುತಂತಿಯ ಬೇಲಿಗಾಗಿ ಜಗಳ. ಕ್ರೇನ್‌ನ ಹೆಂಡತಿಯ ಮೇಲೆ ಸ್ಟಾರೆಟ್‌ಗೆ ಮೋಹವೂ ಇರುವುದರಿಂದ ಆತ ಬೇಲಿಯ ನೆಪದಲ್ಲಿ ಕೊಲೆಗೇ ಸಿದ್ಧನಾಗಿದ್ದಾನೆ. ಬಾಟಲಿಯೊಂದು ಉರುಳಿ ಕೆಳಗೆ ಬಿದ್ದೊಡನೆ ಗುಂಡು ಹಾರಬೇಕು ಎನ್ನುವ ಹೊತ್ತಿಗೆ ಬಾಗಿಲು ತೆರೆದು, ಸೈನ್ಯದ ಚಿನ್ನ ಕದ್ದು ಓಡುತ್ತಿರುವ ಬ್ರೂನ್‌ನ ತಂಡ ಒಳನುಗ್ಗುತ್ತದೆ. ಅಲ್ಲಿಂದ ಮುಂದೆ ಇದು ಬೇರೆಯದೇ ಚಿತ್ರ.

ಮಾಜಿ ಸೇನಾಧಿಕಾರಿ ಬ್ರೂನ್‌ನ ಪಾತ್ರದಲ್ಲಿ ಬರ್ಲ್ ಐವ್ಸ್ ಇದ್ದಾರೆ. ಜನಪದ ಗಾಯಕರೆಂದು ಹೆಸರಾದ, ‘ದಿ ಬಿಗ್ ಕಂಟ್ರಿ’ (1958) ಚಿತ್ರಕ್ಕಾಗಿ ಆಸ್ಕರ್ ಪಡೆದ ಈ ನಟ ಇಲ್ಲಿ ದನಿ ಏರಿಸದೆಯೇ ಇಡೀ ತಂಡವನ್ನು ಹಿಡಿದಿಡುತ್ತಾರೆ: ಹೆಂಡ ಮುಟ್ಟಕೂಡದು, ಹೆಂಗಸರನ್ನು ಮುಟ್ಟಕೂಡದು. ಆದರೆ ಬ್ರೂನ್‌ನ ಮೈಯಲ್ಲಿ ಗುಂಡಿನ ಗಾಯವಿದೆ, ಊರಿನಲ್ಲಿರುವುದು ಪಶುವೈದ್ಯನೊಬ್ಬನೇ. ಅವನ ಉಸಿರು ನಿಂತರೆ ಆ ಕಟ್ಟಳೆಯೂ ಅಲ್ಲಿಗೇ ಮುಗಿಯಿತು. ಈ ಒಂದು ಭಯದ ಮೇಲೆ ಚಿತ್ರದ ನಡುಭಾಗವೆಲ್ಲ ನಿಂತಿದೆ. ಬೇಸತ್ತ ದರೋಡೆಕೋರರಿಗೆ ಬ್ರೂನ್ ಕುಣಿತಕ್ಕೆ ಅನುಮತಿ ಕೊಟ್ಟಾಗ ಊರಿನ ಹೆಂಗಸರನ್ನು ಎಳೆದಾಡುತ್ತಾ ಸುತ್ತಿಸುವ ಆ ದೃಶ್ಯದಲ್ಲಿ ಕ್ಯಾಮೆರಾ ಕೂಡ ಅವರೊಂದಿಗೇ ತಿರುಗುತ್ತದೆ. ನಿಲ್ಲದ ಆ ಸಂಗೀತ ಕೇಳುತ್ತಾ ನನಗೆ ಉಸಿರು ಕಟ್ಟಿದಂತಾಯಿತು, ಬರಿಯ ಕುಣಿತ ಇಷ್ಟು ಕ್ರೂರವಾಗಿ ಕಂಡದ್ದು ಬೇರೆಲ್ಲೂ ನೆನಪಿಲ್ಲ.

ಕೊನೆಯ ಭಾಗದಲ್ಲಿ ಸ್ಟಾರೆಟ್ ಇಲ್ಲದ ದಾರಿ ಇದೆಯೆಂದು ನಂಬಿಸಿ ತಂಡವನ್ನು ಬೆಟ್ಟಕ್ಕೆ ಕರೆದೊಯ್ಯುತ್ತಾನೆ. ಎದೆಮಟ್ಟದ ಹಿಮದಲ್ಲಿ ಕುದುರೆಗಳು ಏಗುವುದನ್ನು ಛಾಯಾಗ್ರಾಹಕ ರಸೆಲ್ ಹಾರ್ಲನ್ ದೂರದಿಂದ, ಅವಸರವಿಲ್ಲದೆ ತೋರಿಸುತ್ತಾರೆ. ಯಾರು ಉಳಿಯುತ್ತಾರೆಂದು ಹೇಳಲಾರೆ. ಮರಗಟ್ಟಿದ ಬೆರಳುಗಳು ಬಂದೂಕಿನ ಕುದುರೆಯನ್ನು ಎಳೆಯಲಾರದೆ ಒದ್ದಾಡುವ ಗಳಿಗೆಗಾಗಿಯಾದರೂ ಈ ಚಿತ್ರವನ್ನು ನೋಡಬೇಕು.

ಆರಂಭದ ಪ್ರೇಮ ಸಂಭಾಷಣೆಗಳು ಪೆಡಸಾಗಿವೆ, ಕ್ರೇನ್‌ನ ಹೆಂಡತಿಯಾಗಿ ನಟಿಸಿದ ಟೀನಾ ಲೂಯಿಸ್‌ಗೆ ಸಿಕ್ಕಿರುವ ಅವಕಾಶವೂ ಕಡಿಮೆ. ಸಾಧ್ಯವಾದರೆ ಬ್ಲೂ-ರೇ ಡಿಸ್ಕ್‌ನಲ್ಲಿ, ಕತ್ತಲ ಕೋಣೆಯಲ್ಲಿ, ದೊಡ್ಡ ಪರದೆಯ ಮೇಲೆ ನೋಡಿ. ಮೊಬೈಲಿನಲ್ಲಿ ಆ ಬಿಳುಪಿನ ನಡುವಣ ಕುದುರೆಗಳ ಸಾಲು ಬರಿಯ ಚುಕ್ಕೆಗಳಾಗಿಬಿಡುತ್ತದೆ.