ಕಾಡಿನ ಆಹಾರ ಜಾಲ ಬಿಡಿಸಲು ದಾರ, ಚಂದಾ ಕಟ್ಟಿದ ಬೋರ್ಡು ಮತ್ತು ಗೆಫಿ: ಮೂರನ್ನೂ ತರಗತಿಯಲ್ಲಿ ಬಳಸಿದ ಮೇಲೆ

ನನ್ನ ಮತ ಗೆಫಿಗೆ, ಅಂದರೆ ಚುಕ್ಕೆ, ಗೆರೆಗಳಲ್ಲಿ ಜಾಲ ಬಿಡಿಸುವ ಕಂಪ್ಯೂಟರ್ ತಂತ್ರಾಂಶಕ್ಕೆ. ಅದಕ್ಕೆ ಒಂದು ರೂಪಾಯಿಯನ್ನೂ ಕೊಟ್ಟಿಲ್ಲ. ದುಡ್ಡು ಹೋದದ್ದು ಬೇರೆ ಕಡೆ. ಕಳೆದ ಜೂನ್‌ನಲ್ಲಿ ಸಂಬಳದಿಂದ 3,800 ರೂಪಾಯಿ ಕಟ್ಟಿ ಒಂದು ಆನ್‌ಲೈನ್ ವೈಟ್‌ಬೋರ್ಡಿಗೆ ವರ್ಷದ ಚಂದಾದಾರಳಾದೆ. ದಸರಾ ರಜೆ ಬರುವಷ್ಟರಲ್ಲಿ ಅದನ್ನು ತೆರೆಯುವುದನ್ನೇ ಬಿಟ್ಟಿದ್ದೆ. ಅದೇ ತಪ್ಪನ್ನು ಇನ್ನೊಬ್ಬ ಶಿಕ್ಷಕರು ಮಾಡಬಾರದು ಅಂತ ಬರೆಯುತ್ತಿದ್ದೇನೆ.

ನಾನು ಗುಂಡ್ಲುಪೇಟೆ ಕಡೆಯ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಬಂಡೀಪುರ ನಮಗೆ ಪಕ್ಕದಲ್ಲೇ. ಪುಸ್ತಕದ ಆಹಾರ ಜಾಲದಲ್ಲಿ ಹುಲ್ಲು, ಮಿಡತೆ, ಕಪ್ಪೆ, ಹಾವು, ಹದ್ದು ಇಷ್ಟೇ ಇರುತ್ತವೆ. ನಮ್ಮ ಮಕ್ಕಳಿಗೆ ಅದರ ಹತ್ತು ಪಟ್ಟು ಗೊತ್ತು. ಮೂವತ್ತನಾಲ್ಕು ಮಕ್ಕಳೂ ಸೇರಿ ನಮ್ಮ ಕಾಡಿನದೇ ಜಾಲ ಕಟ್ಟಬೇಕು, ಒಬ್ಬರು ಬರೆದದ್ದು ಇನ್ನೊಬ್ಬರು ಬರೆದದ್ದಕ್ಕೆ ಕೂಡಿಕೊಳ್ಳಬೇಕು ಅನ್ನುವುದು ನನ್ನ ಆಸೆಯಾಗಿತ್ತು.

ಮೊದಲು ಮಾಡಿದ್ದು ಗೋಡೆಯ ಮೇಲೆ. ಥರ್ಮಾಕೋಲ್ ಹಾಳೆ, ಗುಂಡುಪಿನ್ನು, ಉಲ್ಲನ್ ದಾರ. ಮೊದಲ ಇಪ್ಪತ್ತು ಚೀಟಿಗಳವರೆಗೆ ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಹಿಂದಿನ ಬೆಂಚಿನವರೂ ಎದ್ದು ಬಂದರು, ಕೈ ಹಾಕಿದರು, ಜಗಳವಾಡಿದರು. ಮೂವತ್ತು ದಾಟಿದ ಮೇಲೆ ದಾರಗಳು ಒಂದರ ಮೇಲೊಂದು ಬಿದ್ದು ಯಾವುದು ಎಲ್ಲಿಗೆ ಹೋಗುತ್ತದೆ ಅನ್ನುವುದೇ ಕಾಣಲಿಲ್ಲ. "ಬಿದಿರು ಹೂ ಬಿಟ್ಟು ಒಣಗಿಹೋದರೆ ಏನಾಗುತ್ತೆ?" ಅಂತ ಕೇಳಿ ಬಿದಿರಿನ ಪಿನ್ನು ಕಿತ್ತರೆ ಅರ್ಧ ಗೋಡೆಯೇ ಸಡಿಲವಾಯಿತು. ಚಿಕ್ಕ ತರಗತಿಗಳಿಗೆ ಇವತ್ತಿಗೂ ದಾರವೇ ಸರಿ.

ಚಂದಾ ಕಟ್ಟಿದ ಬೋರ್ಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲ್ಲರೂ ಒಟ್ಟಿಗೆ ಬರೆಯಬಹುದು ಅನ್ನುವುದು ನಿಜ. ಆದರೆ ಒಂದು ಗುಂಪು ಇಟ್ಟ ಚೌಕವನ್ನು ಇನ್ನೊಂದು ಗುಂಪು ಎಳೆದುಕೊಂಡು ಹೋಗುತ್ತದೆ. ಅಲ್ಲಿ ಗೆರೆ ಬರೀ ಗೆರೆ. ಜಿಂಕೆಗೆ ಎಷ್ಟು ಕೊಂಡಿಗಳಿವೆ ಅಂತ ಕೇಳಿದರೆ ಕಣ್ಣಿನಲ್ಲೇ ಎಣಿಸಬೇಕು. ಪಿಡಿಎಫ್ ತೆಗೆದರೆ ಒತ್ತಕ್ಷರಗಳು ಒಡೆದು 'ಹಕ್ಕಿ'ಯಲ್ಲಿ ಒಂದು ಕ ಪಕ್ಕಕ್ಕೆ ಹೋಗಿ ನಿಲ್ಲುತ್ತಿತ್ತು. ಸಹಾಯ ಕೇಂದ್ರಕ್ಕೆ ಎರಡು ಸಲ ಬರೆದೆ, ಉತ್ತರ ಬರಲಿಲ್ಲ.

ಗೆಫಿ ಫ್ರಾನ್ಸಿನಲ್ಲಿ ಹುಟ್ಟಿದ ಮುಕ್ತ ತಂತ್ರಾಂಶ. ಒಂದು ಕಂಪ್ಯೂಟರಿನ ಮುಂದೆ ಒಬ್ಬರು ಕೂತು ಮಾಡುವ ಕೆಲಸಕ್ಕೆ ಹೊಂದುವಂಥದ್ದು. ಹಾಗಾಗಿ ಕೂಡಿ ಮಾಡುವ ಭಾಗವನ್ನು ಗೂಗಲ್ ಶೀಟ್‌ನಲ್ಲಿ ಇಟ್ಟುಕೊಂಡೆವು. ಐದು ಗುಂಪು, ಗುಂಪಿಗೊಂದು ಮೊಬೈಲು, ಎಲ್ಲರಿಗೂ ಒಂದೇ ಶೀಟು. ಎರಡೇ ಕಾಲಂ: 'ಆಹಾರ', 'ತಿನ್ನುವುದು'. ಮುಗಿದ ಮೇಲೆ ತಲೆಬರಹಗಳನ್ನು ಇಂಗ್ಲಿಷಿನ ಸೋರ್ಸ್, ಟಾರ್ಗೆಟ್ ಅಂತ ಬದಲಾಯಿಸಿ, ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಟ್ಟಿಯ ಕಡತ) ಮಾಡಿ ಗೆಫಿಗೆ ಕೊಡುವುದು. ಮೊದಲು ಆಹಾರ, ಆಮೇಲೆ ತಿನ್ನುವುದು ಅನ್ನುವ ಕ್ರಮ ತಲೆಗೆ ಹತ್ತಲು ಮಕ್ಕಳಿಗೆ ಒಂದು ಪೀರಿಯಡ್ ಬೇಕಾಯಿತು. 'ಹುಲಿ ಜಿಂಕೆಯನ್ನು ತಿನ್ನುತ್ತದೆ' ಅನ್ನುವಾಗ ಹುಲಿಯೇ ಮೊದಲು ಬರುತ್ತದಲ್ಲ, ಹಾಗೆಯೇ ಬರೆದುಬಿಡುತ್ತಾರೆ. ಬಾಣ ಹೋಗಬೇಕಾದದ್ದು ಶಕ್ತಿ ಹರಿಯುವ ಕಡೆಗೆ, ಜಿಂಕೆಯಿಂದ ಹುಲಿಗೆ.

ಇನ್ನು ನನ್ನನ್ನು ಎರಡು ವಾರ ಕಾಡಿದ ತೊಡಕು. ಮೊದಲ ಸಲ ಜಾಲ ತೆರೆದು, ಹೆಚ್ಚು ಕೊಂಡಿ ಇರುವ ಪ್ರಾಣಿಯ ಚುಕ್ಕೆ ದೊಡ್ಡದಾಗಿ ಕಾಣುವಂತೆ ಮಾಡಿದೆ. ಜಿಂಕೆ ದೊಡ್ಡದಾಗಿ ಬಂತು, ಕಡವೆಯೂ ಬಂತು. ಕಿಟಕಿ ಪಕ್ಕದಲ್ಲಿ ಕೂತಿದ್ದ ಹುಡುಗಿ ಕೇಳಿದಳು: "ಕಾಟೀನ ಹುಲಿ ತಿನ್ನಲ್ವಾ ಮೇಡಂ?" ನೋಡಿದರೆ ಕಾಟಿಯಿಂದ ಹುಲಿಗೆ ಗೆರೆಯೇ ಇಲ್ಲ. ಹುಡುಕುತ್ತ ಹೋದಾಗ ಒಂದು ಮೂಲೆಯಲ್ಲಿ 'ಕಾಡೆಮ್ಮೆ', ಇನ್ನೊಂದು ಮೂಲೆಯಲ್ಲಿ 'ಕಾಡುಕೋಣ'. ಮೂರು ಗುಂಪು ಮೂರು ಹೆಸರು ಬರೆದಿದ್ದರು, ಒಂದೇ ಪ್ರಾಣಿ ಮೂರು ಚುಕ್ಕೆಯಾಗಿ ಹಂಚಿಹೋಗಿತ್ತು. ಸೀಳುನಾಯಿ, ಕೆನ್ನಾಯಿಯ ಕತೆಯೂ ಅದೇ.

ಅದು ಕಣ್ಣಿಗೆ ಕಾಣುವ ತಪ್ಪು. ಕಾಣದ್ದು ಇನ್ನೊಂದಿತ್ತು. ಹುಲಿಯೇ ಎರಡಿದ್ದವು. ಅಕ್ಷರ ಒಂದೇ, ಕಾಗುಣಿತ ಒಂದೇ. ಒಂದು ಸಂಜೆಯೆಲ್ಲ ಒದ್ದಾಡಿದ ಮೇಲೆ ತಿಳಿಯಿತು: ಮೊಬೈಲಿನ ಕೀಲಿಮಣೆ ಸೂಚಿಸುವ ಪದವನ್ನು ಒತ್ತಿದರೆ ಅದು ಪದದ ಕೊನೆಯಲ್ಲಿ ಒಂದು ಖಾಲಿ ಜಾಗವನ್ನೂ ಸೇರಿಸುತ್ತದೆ. 'ಹುಲಿ' ಬೇರೆ, ಖಾಲಿ ಜಾಗ ಹೊತ್ತ 'ಹುಲಿ' ಬೇರೆ. ಶೀಟಿನಲ್ಲಿ ಹೆಚ್ಚುವರಿ ಖಾಲಿ ಜಾಗ ತೆಗೆಯುವ ಟ್ರಿಮ್ ಸೂತ್ರ ಹಾಕಿದರೆ ಇದು ನಿಮಿಷದ ಕೆಲಸ, ಆದರೆ ಗೊತ್ತಾಗುವವರೆಗೆ ನನ್ನ ಜಾಲದ ಅರ್ಧ ಲೆಕ್ಕ ಸುಳ್ಳಾಗಿತ್ತು, ಅದನ್ನು ಮಕ್ಕಳು ನಂಬಿಯೂ ಇದ್ದರು.

ಹೆಸರಿನ ಸಮಸ್ಯೆಗೆ ಸೂತ್ರ ಇಲ್ಲ. ತರಗತಿಯಲ್ಲೇ ಕೂತು ತೀರ್ಮಾನಿಸಬೇಕಾಯಿತು. ಕೆನ್ನಾಯಿ ಅಂದರೆ ಸೀಳುನಾಯಿಯೇನಾ ಅಂತ ಒಬ್ಬ ಮನೆಯಲ್ಲಿ ತಾತನನ್ನು ಕೇಳಿಕೊಂಡು ಬಂದ. ಕಾಟಿಗೆ ಹೆಚ್ಚು ಕೈ ಎದ್ದವು. ಉಳಿದ ಎರಡನ್ನು 'ಬೇರೆ ಹೆಸರು' ಅನ್ನುವ ಕಾಲಂನಲ್ಲಿ ಇಟ್ಟೆವು, ಯಾಕೆಂದರೆ ಯಾವ ಹೆಸರೂ ತಪ್ಪಲ್ಲ. ಆಗ ಬೋರ್ಡಿನ ಮೇಲೆ ಕಾಟಿ, ಸೀಳುನಾಯಿಗಳ ವೈಜ್ಞಾನಿಕ ಹೆಸರು ಬಾಸ್ ಗಾರಸ್, ಕುವಾನ್ ಆಲ್ಪಿನಸ್ ಅಂತ ಬರೆದೆ. ಹೀಗೆ ಎರಡು ಪದದ ಹೆಸರಿಡುವ ದ್ವಿನಾಮ ಪದ್ಧತಿ ಯಾಕೆ ಬೇಕು ಅಂತ ವರ್ಷಗಟ್ಟಲೆ ಹೇಳಿಕೊಟ್ಟಿದ್ದೇನೆ, ಆದರೆ ಮಕ್ಕಳೇ ಅದನ್ನು ಕೇಳಿ ಪಡೆದದ್ದು ಅವತ್ತೇ ಮೊದಲು. ಈಗ ಶೀಟಿನಲ್ಲಿ ಹೆಸರು ಟೈಪ್ ಮಾಡುವ ಹಾಗಿಲ್ಲ, ಒಪ್ಪಿದ ಪಟ್ಟಿಯಿಂದ ಆರಿಸಬೇಕು. ಹೊಸ ಹೆಸರು ಸೇರಬೇಕಾದರೆ ಎಲ್ಲ ಗುಂಪೂ ಒಪ್ಪಬೇಕು.

ಇಷ್ಟೆಲ್ಲ ತೊಂದರೆ ಕೊಟ್ಟರೂ ಗೆಫಿಯೇ ಯಾಕೆ ಅಂದರೆ, ಲಂಟಾನ ಅನ್ನುವ ಕಳೆಗಿಡದಿಂದಾಗಿ. ಗೆಫಿಯಲ್ಲಿ ಚುಕ್ಕೆಗಳನ್ನು ತಾನೇ ಜೋಡಿಸುವ ಫೋರ್ಸ್ ಅಟ್ಲಾಸ್ 2 ಅನ್ನುವ ವಿನ್ಯಾಸ ಓಡಿಸಿದಾಗ ಚುಕ್ಕೆಗಳು ಒಂದನ್ನೊಂದು ದೂಡುತ್ತವೆ, ಕೊಂಡಿಗಳು ಸ್ಪ್ರಿಂಗಿನಂತೆ ಹತ್ತಿರಕ್ಕೆ ಎಳೆಯುತ್ತವೆ. ಎಲ್ಲವೂ ಜರುಗಿ ನಿಂತಾಗ ಲಂಟಾನ ಹುಲ್ಲಿನ ಪಕ್ಕ ಇರಲಿಲ್ಲ. ಪಿಕಳಾರ, ಚಿಟ್ಟೆಗಳ ಜೊತೆ ಒಂದು ಬದಿಗೆ ಹೋಗಿತ್ತು. ಮಕ್ಕಳು ಒಪ್ಪಲಿಲ್ಲ. "ಕಾಡು ತುಂಬ ಅದೇ ಇದೆ, ಇಲ್ಲಿ ಮೂಲೇಲಿದೆಯಲ್ಲ?" ಜಿಂಕೆ, ಕಾಟಿ ಅದರ ಸೊಪ್ಪು ತಿನ್ನುವುದಿಲ್ಲ, ಹಣ್ಣು ತಿನ್ನುವ ಹಕ್ಕಿಗಳು ಬೀಜ ಹರಡುತ್ತವೆ. ನಮ್ಮ ಶೀಟಿನಲ್ಲಿ ಇದ್ದದ್ದು ತಿನ್ನುವ ಸಂಬಂಧ ಮಾತ್ರ. ಲಂಟಾನ ಹುಲ್ಲಿನ ಜಾಗ ಕಿತ್ತುಕೊಳ್ಳುತ್ತದೆ ಅನ್ನುವುದಕ್ಕೆ ಕಾಲಮ್ಮೇ ಇರಲಿಲ್ಲ. 'ಸಂಬಂಧ' ಅನ್ನುವ ಮೂರನೇ ಕಾಲಂ ಬೇಕು ಅಂದವರು ಮಕ್ಕಳೇ. ಮುಸುವ ಮೇಲಿಂದ ಉದುರಿಸಿದ ಸೊಪ್ಪನ್ನು ಜಿಂಕೆ ಕೆಳಗೆ ಮೇಯುವುದಕ್ಕೂ ಅಲ್ಲೇ ಜಾಗ ಸಿಕ್ಕಿತು. ಒಂದೊಂದು ಸಂಬಂಧಕ್ಕೆ ಒಂದೊಂದು ಬಣ್ಣ ಕೊಟ್ಟೆವು. ದಾರದಲ್ಲಿ ಇದನ್ನು ಮಾಡಬೇಕಾದರೆ ಎಲ್ಲ ಬಿಚ್ಚಿ ಮೊದಲಿಂದ ಕಟ್ಟಬೇಕಿತ್ತು.

ಒಂದು ಎಚ್ಚರಿಕೆ. ಚುಕ್ಕೆ ಪರದೆಯ ಮೇಲಿದೆಯೋ ಕೆಳಗಿದೆಯೋ ಅನ್ನುವುದಕ್ಕೆ ಅರ್ಥವಿಲ್ಲ, ಗೆರೆಗೆ ಮಾತ್ರ ಅರ್ಥ. ಇದನ್ನು ಮೊದಲೇ ಹೇಳದಿದ್ದರೆ ಮೇಲೆ ಇರುವುದೇ ಬಲಶಾಲಿ ಅಂದುಕೊಳ್ಳುತ್ತಾರೆ.

ಇನ್ನೊಂದು ಎಚ್ಚರಿಕೆ ಇದಕ್ಕಿಂತ ಮುಖ್ಯ. ಈ ವಿಧಾನ ಕಲಿತ ಉತ್ಸಾಹದಲ್ಲಿ ತರಗತಿಯ ಗೆಳೆತನದ ಜಾಲ ಬಿಡಿಸಲು ಹೋಗಬೇಡಿ. ಮನೋವೈದ್ಯ ಜೇಕಬ್ ಮೊರೆನೊ 1930ರ ದಶಕದಲ್ಲಿ, ಯಾರ ಪಕ್ಕ ಕೂರಲು ಇಷ್ಟ ಅಂತ ಶಾಲಾ ಮಕ್ಕಳನ್ನು ಕೇಳಿ ಅಂಥ ನಕ್ಷೆಗಳನ್ನು ಬರೆದ. ಸಂಶೋಧಕನ ಕಡತದಲ್ಲಿ ಇದ್ದರೆ ಅದು ಬೇರೆ ಮಾತು. ಗೋಡೆಯ ಮೇಲೆ ಹಾಕಿದರೆ, ಒಂದೂ ಗೆರೆ ಬರದ ಮಗು ಅದನ್ನು ದಿನಾ ನೋಡಬೇಕಾಗುತ್ತದೆ.

ಪರಿಕಲ್ಪನೆಗಳ ನಕ್ಷೆ ಮಾತ್ರ ಸಾಕು ಅನ್ನುವವರಿಗೆ ಉಚಿತವಾಗಿ ಸಿಗುವ ಸಿಮ್ಯಾಪ್ ಟೂಲ್ಸ್ ಇದೆ. ಗೆರೆಯ ಮೇಲೆ ಸಂಬಂಧದ ಪದ ಬರೆಯಬಹುದು. ಎಣಿಕೆ ಬೇಕಾದವರಿಗೆ ಅದಲ್ಲ.

ನನ್ನ ಅಭ್ಯಾಸ ಹೇಳುವುದಾದರೆ, ಶನಿವಾರ ಮಧ್ಯಾಹ್ನ ಕೂತು ಶೀಟು ತಿದ್ದುವ ತಾಳ್ಮೆ ನನಗಿದೆ. ಅಷ್ಟು ಹೊತ್ತು ಇಲ್ಲದವರು ದಾರದಲ್ಲೇ ಇಪ್ಪತ್ತು ಚೀಟಿಗೆ ನಿಲ್ಲಿಸುವುದು ಒಳ್ಳೆಯದು. ನಮ್ಮ ಲ್ಯಾಬಿನಲ್ಲಿ ನಡೆಯುವ ಕಂಪ್ಯೂಟರ್ ಆರು, ಗೆಫಿಗೆ ಬೇಕಾದದ್ದು ಒಂದು ಮತ್ತು ಪ್ರೊಜೆಕ್ಟರ್. ಚಂದಾ ಈ ವರ್ಷ ಮುಂದುವರಿಸಿಲ್ಲ. ಆ ದುಡ್ಡಿನಲ್ಲಿ ಐದು ಮೊಬೈಲಿಗೂ ಡೇಟಾ ಹಾಕಿಸಿ, ಉಳಿದದ್ದರಲ್ಲಿ ಜಾಲವನ್ನು ದೊಡ್ಡ ಹಾಳೆಯಲ್ಲಿ ಬಣ್ಣದಲ್ಲಿ ಮುದ್ರಿಸಿದೆವು. ಕಾಟಿ ಈಗ ಒಂದೇ ಚುಕ್ಕೆ, ಹುಲಿಗೆ ಗೆರೆ ಇದೆ.