ಚೇಸ್ ಇಟ್ಕೊಳ್ಳೋದಾ, ಜೆಫರ್ಸನ್‌ಗೆ ಬದಲಾಯಿಸೋದಾ?

ಅಮೆರಿಕನ್ ಫುಟ್‌ಬಾಲ್‌ನ (NFL) ಫ್ಯಾಂಟಸಿ ಆಟದಲ್ಲಿ ಆಟಗಾರರನ್ನು ವರ್ಷದಿಂದ ವರ್ಷಕ್ಕೆ ಉಳಿಸಿಕೊಳ್ಳೋ ಲೀಗೇ ಡೈನಾಸ್ಟಿ. ಡೈನಾಸ್ಟಿ ಅಂದ್ರೆ ಮೊದಲು ವಯಸ್ಸು, ಅಲ್ವಾ? ಇಲ್ಲಿ ಅದು ಲೆಕ್ಕಕ್ಕಿಲ್ಲ. ಜಸ್ಟಿನ್ ಜೆಫರ್ಸನ್ ಹುಟ್ಟಿದ್ದು 1999ರ ಜೂನ್‌ನಲ್ಲಿ, ಜಮಾರ್ ಚೇಸ್ 2000ದ ಮಾರ್ಚ್‌ನಲ್ಲಿ.

ಇಬ್ಬರೂ ಚೆಂಡು ಹಿಡಿಯೋ ರಿಸೀವರ್‌ಗಳು, ಹಾಗಾಗಿ ನೋಡಬೇಕಾದ್ದು ಅವರಿಗೆ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ಗಳನ್ನು. ಸಿನ್ಸಿನಾಟಿಯಲ್ಲಿ ಚೇಸ್‌ಗೆ ಜೋ ಬರೋ ಇದ್ದಾರೆ, ಕಾಲೇಜಿನ ಕಾಲದ ಜೋಡಿ. 2024ರಲ್ಲಿ ಚೇಸ್‌ದು 127 ಕ್ಯಾಚ್, 1,708 ಗಜ, 17 ಟಚ್‌ಡೌನ್. ಮೂರರಲ್ಲೂ ಲೀಗಿಗೇ ಮೊದಲಿಗರು! ಬರೋ ಗಾಯಗೊಂಡರೆ ಮಾತ್ರ ಕಷ್ಟ. ಜೆಫರ್ಸನ್ ಆಡುವ ಮಿನೆಸೋಟದಲ್ಲಿ ಕ್ವಾರ್ಟರ್‌ಬ್ಯಾಕ್‌ಗಳು ಬದಲಾಗುತ್ತಲೇ ಇದ್ದಾರೆ. ಆದರೂ 2023ರಲ್ಲಿ ಬರೀ 10 ಪಂದ್ಯಕ್ಕೆ ಜೆಫರ್ಸನ್ 1,074 ಗಜ ಗಳಿಸಿದರು, ಸುಮ್ನೆ ಮಾತಲ್ಲ.

ಈ ವರ್ಷವೇ ಕಪ್ ಗೆಲ್ಲೋ ತಂಡವಿದ್ದರೆ ಚೇಸ್‌ನ ಬಿಡಬೇಡಿ. ತಂಡ ಹೊಸದಾಗಿ ಕಟ್ಟುತ್ತಿದ್ದರೆ ಜೆಫರ್ಸನ್ ಜೊತೆ ಮೊದಲ ಸುತ್ತಿನ ಪಿಕ್ (ಡ್ರಾಫ್ಟ್‌ನಲ್ಲಿ ಹೊಸ ಆಟಗಾರನನ್ನು ಆರಿಸೋ ಸರದಿ) ಒಂದನ್ನೂ ಕೇಳಿ. ಕೊಡಲ್ಲ ಅಂದ್ರೆ ಎರಡನೇ ಸುತ್ತಿನದಕ್ಕೆ ಇಳಿಯಿರಿ.